ತಾಟು ತೊಳೆದ ಜಾಗದಿಂದ ಮೇಲಕ್ಕೆ

ರಾಜೂರ್,
9 ಮೇ 1988

ದಾದರಿನಲ್ಲಿ ನಮ್ಮ ಕಿಸನನ ಜೊತೆ ಇರುವ ಹೇಮಲತಾ ಎಂಬವಳಿಗೆ,

ನಾನು ಕಿಸನನ ತಾಯಿ ಹೌಸಾಬಾಯಿ. ನನಗೆ ಬರೆಯಲು ಬಾರದು. ನಾನು ಹೇಳುತ್ತೇನೆ, ಕಿಸನನ ಅಪ್ಪ ಬರೆಯುತ್ತಾರೆ. (ಇವಳು ಆಡಿದ್ದನ್ನು ಕಾಗದದ ಭಾಷೆಗೆ ತಿದ್ದುವವನು ನಾನು, ಧೋಂಡಿಬಾ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಹತ್ತಿದವರನ್ನು ಇಳಿಯುವ ಜಾಗದವರೆಗೆ ತಲುಪಿಸುವುದಷ್ಟೇ ನನ್ನ ಕೆಲಸ.)

ನೀವಿಬ್ಬರೂ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದಿರಿ. ನಾನು ಅರಿಶಿನ ಹಚ್ಚಲಿಲ್ಲ, ಊರಿಗೆ ಉಣಿಸಲಿಲ್ಲ. ಆ ಮಾತು ಈಗ ಎತ್ತುವುದಿಲ್ಲ. ಎತ್ತಬೇಕಾದದ್ದು ಬೇರೆ ಇದೆ. ಕಿಸನ ಮ್ಯಾಟ್ರಿಕ್‌ನಲ್ಲಿ ಮೂರು ಸಲ ಡುಮ್ಕಿ ಹೊಡೆದ. ಆಗ ನಾನು ಕಳಸೂಬಾಯಿಗೆ ಹರಕೆ ಹೊತ್ತೆ. "ತಾಯಿ, ಇವನನ್ನು ಪಾಸು ಮಾಡು, ನನ್ನ ಸೊಸೆ ಬರಿಗಾಲಲ್ಲಿ ನಿನ್ನ ಬೆಟ್ಟದ ತುದಿ ಹತ್ತಿ ನಿನ್ನ ಉಡಿ ತುಂಬುತ್ತಾಳೆ" ಎಂದೆ. ಮರುವರ್ಷವೇ ಅವನು ಪಾಸಾದ.

ಈ ನವರಾತ್ರಿಯಲ್ಲಿ ನೀನು ಆ ಬೆಟ್ಟ ಹತ್ತಬೇಕು. ನೀನು ಹತ್ತಿ ಬಂದರೆ ನನ್ನ ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಡುತ್ತೇನೆ, ಒದ್ದು ಒಳಗೆ ಬಾ. ಹತ್ತದಿದ್ದರೆ ಹೊಸ್ತಿಲು ನನ್ನದು, ನೀನು ಹೊರಗಿನವಳು.

ಹೌಸಾಬಾಯಿ
(ಹೆಬ್ಬೆಟ್ಟು ಒತ್ತಿದ್ದಾಳೆ. ಕೊನೆಗೆ ಆಶೀರ್ವಾದ ಎಂದು ಬರೆಯಲೇ ಎಂದು ಕೇಳಿದೆ. "ಈಗ ಬ್ಯಾಡ" ಅಂದಳು.)


ದಾದರ್, ಮುಂಬಯಿ
21 ಮೇ 1988

ಪೂಜ್ಯ ಹೌಸಾಬಾಯಿಯವರಿಗೆ ಹೇಮಲತಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನಿಮ್ಮ ಮಗನಿಗೆ ಓದಿ ಹೇಳಿದೆ. ಓದಿ ಮುಗಿಸುವಷ್ಟರಲ್ಲಿ ಅವರು ಪೇಪರಿನ ಹಿಂದೆ ಅಡಗಿದ್ದರು. ಪೇಪರ್ ತಲೆಕೆಳಗಾಗಿತ್ತು.

ಒಂದು ಸಣ್ಣ ಅನುಮಾನ. ಪಾಸಾದವರು ಅವರು, ಪಾದ ಸವೆಸಬೇಕಾದವಳು ನಾನು. ನೀವು ಹರಕೆ ಹೊತ್ತ ಹೊತ್ತಿಗೆ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನಿಮ್ಮ ಮಗ ಯಾರೆಂದೂ ಗೊತ್ತಿರಲಿಲ್ಲ, ನಿಮ್ಮ ಬೆಟ್ಟ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ನಾವು ಕಡಲತೀರದವರು, ನಮ್ಮ ದೇವರುಗಳೆಲ್ಲ ನೆಲದ ಮೇಲೆ ಕೈಗೆ ಸಿಗುವಂತೆ ಇರುತ್ತಾರೆ. ನಾನು ದಿನವೂ ಹತ್ತುವ ಬೆಟ್ಟವೆಂದರೆ ನಮ್ಮ ಚಾಳಿನ ನಾಲ್ಕು ಮಹಡಿ.

ಕೆಲಸ ನನ್ನದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಂಡವರ ಮನೆಯ ತಾಯಿ ಮಕ್ಕಳನ್ನು ದಿನವಿಡೀ ಮಾತಿಗೆ ಜೋಡಿಸುತ್ತೇನೆ. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ಮದುವೆಯಾದರೆ ಇನ್ನೊಬ್ಬರು ಸಿಗುತ್ತಾರೆ ಎಂದುಕೊಂಡಿದ್ದೆ. ಆದ್ದರಿಂದ ಬಿಂಕ ಮಾಡದೆ ಹೇಳುತ್ತೇನೆ, ನಿಮ್ಮ ಹೊಸ್ತಿಲು ದಾಟುವ ಆಸೆ ನನಗೆ ಬಹಳ ಇದೆ.

ಆದರೆ ಗುರುತು ಪರಿಚಯವಿಲ್ಲದವರ ಮನೆಗೆ ಹೇಗೆ ಹೋಗಲಿ? ಈ ಕಳಸೂಬಾಯಿ ಯಾರು, ಅಷ್ಟು ಎತ್ತರದಲ್ಲಿ ಯಾಕೆ ಇದ್ದಾಳೆ ಎಂದು ಮೊದಲು ತಿಳಿಸಿ.

ನಿಮ್ಮ,
ಹೇಮಲತಾ


ರಾಜೂರ್,
4 ಜೂನ್ 1988

ಹೇಮಲತೆಗೆ,

ನಿನಗೆ ನಾಲಗೆ ಉದ್ದ ಇದೆ. ಬೆಟ್ಟದಲ್ಲಿ ಅದು ತಾನಾಗಿ ಗಿಡ್ಡವಾಗುತ್ತದೆ.

ಕಳಸೂ ಈ ಬೆಟ್ಟದ ಬುಡದ ಹುಡುಗಿ. ಒಬ್ಬರ ಮನೆಯಲ್ಲಿ ಆಳಾಗಿ ಸೇರಿದಳು. ಸೇರುವಾಗಲೇ ಒಂದು ಕರಾರು ಮಾಡಿದಳು: "ಪಾತ್ರೆ ತೊಳೆಯುವುದಿಲ್ಲ, ಕಸ ಹೊಡೆಯುವುದಿಲ್ಲ. ಅವೆರಡು ಬಿಟ್ಟು ಏನಾದರೂ ಹೇಳಿ." ಯಜಮಾನ ಒಪ್ಪಿದ. ಒಂದು ದಿನ ಮನೆಗೆ ನೆಂಟರು ಬಂದರು, ಯಜಮಾನ ಮಾತು ಮರೆತ, ಎಂಜಲು ತಾಟುಗಳನ್ನು ಅವಳ ಮುಂದೆ ಇಟ್ಟ. ಅವಳು ಬೆಟ್ಟದ ನಡುವೆ ಒಂದು ಕಡೆ ಕೂತು ಆ ತಾಟುಗಳನ್ನು ತೊಳೆದಳು. ಅಲ್ಲೇ ಇಟ್ಟಳು. ಮೇಲಕ್ಕೆ ನಡೆದಳು. ಮತ್ತೆ ಕೆಳಗೆ ಬರಲೇ ಇಲ್ಲ. ತಾಟು ತೊಳೆದ ಆ ಜಾಗಕ್ಕೆ ಥಾಳೆಮೇಳ ಎನ್ನುತ್ತೇವೆ. ತುದಿಯಲ್ಲಿ ಅವಳ ಗುಡಿ ಇದೆ. ಇಷ್ಟೇ ಕಥೆ.

ಗುಡಿ ಬಹಳ ಸಣ್ಣದು, ನಾಲ್ಕು ಜನ ಹಿಡಿಯುವುದಿಲ್ಲ ಎನ್ನುತ್ತಾರೆ.

(ಈ "ಎನ್ನುತ್ತಾರೆ" ಗಮನಿಸು. ಇವಳು ಬೆಟ್ಟದ ಬುಡದ ಬಾರಿ ಊರಿನಲ್ಲೇ ಹುಟ್ಟಿದವಳು. ಪ್ರತಿ ನವರಾತ್ರಿ ಹೆಂಗಸರ ಜೊತೆ ಹೊರಡುತ್ತಾಳೆ. ತುದಿಯನ್ನು ಮಾತ್ರ ಒಮ್ಮೆಯೂ ಕಂಡಿಲ್ಲ. ಥಾಳೆಮೇಳದಿಂದ ತಿರುಗಿ ಬರುತ್ತಾಳೆ. ಏನು ಬರಿಯಾಕತ್ತೀರಿ ಅಷ್ಟುದ್ದ ಎಂದು ಈಗ ಕೇಳುತ್ತಿದ್ದಾಳೆ. ವಿಳಾಸ ಎಂದೆ.)

ಹೌಸಾಬಾಯಿ


ದಾದರ್,
15 ಜೂನ್ 1988

ಪೂಜ್ಯ ಆತ್ಯಾಬಾಯಿಯವರಿಗೆ ನಮಸ್ಕಾರಗಳು.

ಇಲ್ಲಿ ಮಳೆ ಹಿಡಿದಿದೆ. ಹೀಗೆ ಕರೆದದ್ದಕ್ಕೆ ಸಿಟ್ಟಾಗಬೇಡಿ, ಅತ್ತೆಯನ್ನು ಅತ್ತೆ ಎನ್ನಲು ಯಾವ ಬೆಟ್ಟವನ್ನೂ ಹತ್ತಬೇಕಾಗಿಲ್ಲ.

ನಿಮ್ಮ ಕಳಸೂ ನನಗೆ ತುಂಬ ಹಿಡಿಸಿದಳು. ಎಕ್ಸ್‌ಚೇಂಜಿನಲ್ಲಿ ಎಲ್ಲರಿಗೂ ಕಥೆ ಹೇಳಿದೆ. ನಮ್ಮ ಸೂಪರ್‌ವೈಸರ್ ಬಾಯಿ ಹೆಡ್‌ಫೋನ್ ತೆಗೆದಿಟ್ಟು, "ಇಂಥ ದೇವಿ ಇದ್ದಾಳೆಂದು ನನಗೆ ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ?" ಎಂದರು.

ಈಗ ನನ್ನ ಪ್ರಶ್ನೆ. ಮಾಮಂಜಿಯವರು (ಮಾವನನ್ನು ನಿಮ್ಮಲ್ಲಿ ಹೀಗೇ ಕರೆಯುತ್ತಾರಲ್ಲವೇ?) ಕಳಿಸಿದ "ವಿಳಾಸ"ವನ್ನು ಓದಿದೆ. ನೀವು ಥಾಳೆಮೇಳದಿಂದ ಯಾಕೆ ತಿರುಗಿ ಬರುತ್ತೀರಿ? ಕಾಲು ನೋವೇ? ಹೆದರಿಕೆಯೇ?

ನಿಮ್ಮ,
ಹೇಮಲತಾ


ರಾಜೂರ್,
28 ಜೂನ್ 1988

ಹೇಮಲತೆಗೆ,

ಹೆದರಿಕೆ ಎಂಬ ಮಾತನ್ನು ಇನ್ನೊಮ್ಮೆ ಬರೆದರೆ ನೋಡು. ನಾನು ಹುಲ್ಲು ಹೊರೆ ಹೊತ್ತು ಇಳಿದ ಇಳಿಜಾರಿನಲ್ಲಿ ನಿನ್ನ ಮುಂಬಯಿಯವರು ಕೂತು ಜಾರಬೇಕು.

ಬೆಳಗ್ಗೆ ಹೊರಟರೆ ಥಾಳೆಮೇಳ ಮುಟ್ಟುವಾಗ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಕೈಮುಗಿದು ಇಳಿದರೆ ಸಂಜೆಯ ಒಲೆಗೆ ಸರಿಹೋಗುತ್ತದೆ. ನನ್ನ ಅತ್ತೆ ಇದ್ದಾಗ ಬೆಳಗಿನ ಎಂಜಲು ಪಾತ್ರೆಗಳನ್ನು ನನಗಾಗಿ ಹಾಗೇ ಇಟ್ಟಿರುತ್ತಿದ್ದಳು. ತುದಿಗೆ ಹೋಗಿ ಬಂದರೆ ರಾತ್ರಿಯಾಗುತ್ತಿತ್ತು, ಮನೆಯಲ್ಲಿ ರಂಪವಾಗುತ್ತಿತ್ತು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆದರೆ ಪಾತ್ರೆ ಇದ್ದೇ ಇವೆಯಲ್ಲ. ಅವುಗಳನ್ನು ಯಾರು ತೊಳೆಯಬೇಕು?

ಹೌಸಾಬಾಯಿ
(ಈ ಕಾಗದದಲ್ಲಿ ನನ್ನದೇನೂ ಸೇರಿಸಿಲ್ಲ. ಸೇರಿಸಲು ಬಾಯಿ ಬರಲಿಲ್ಲ.)


ದಾದರ್,
9 ಜುಲೈ 1988

ಆತ್ಯಾಬಾಯಿ,

ಸಿಟ್ಟು ಬಂದರೆ ಬರಲಿ, ಹೇಳಿಬಿಡುತ್ತೇನೆ. ಕಳಸೂ ಪಾತ್ರೆ ಬಿಟ್ಟು ಮೇಲೆ ಹೋದ ಜಾಗದಿಂದ ನೀವು ಪಾತ್ರೆಗೋಸ್ಕರ ಕೆಳಗೆ ಬರುತ್ತೀರಿ. ವರ್ಷ ವರ್ಷವೂ ಅದೇ ಜಾಗದಿಂದ, ಅವಳಿಗೇ ಕೈಮುಗಿದು! ಮೇಲೆ ಕೂತವಳು ನಿಮ್ಮ ಬೆನ್ನನ್ನೇ ನೋಡುತ್ತ ಕೂತಿದ್ದಾಳೆ.

ನಾನು ಬರಿಗಾಲಲ್ಲಿ ಹತ್ತುತ್ತೇನೆ, ಉಡಿ ತುಂಬುತ್ತೇನೆ. ಕರಾರು ಒಂದೇ. ನೀವೂ ನನ್ನ ಜೊತೆ ತುದಿಯವರೆಗೆ ಬರಬೇಕು. ಅವತ್ತು ಮನೆಯಲ್ಲಿ ನಾವಿಬ್ಬರೂ ಪಾತ್ರೆ ಮುಟ್ಟುವುದಿಲ್ಲ, ಕಸಬರಿಗೆ ಹಿಡಿಯುವುದಿಲ್ಲ. ಇದಕ್ಕೆ ಒಪ್ಪದಿದ್ದರೆ ನಿಮ್ಮ ಹರಕೆ ನಿಮ್ಮ ಹತ್ತಿರವೇ ಇರಲಿ, ನಾನು ಹೊರಗಿನವಳಾಗಿಯೇ ಇರುತ್ತೇನೆ.

ಈ ಸಾಲು ಬರೆಯುವಾಗ ನನಗೆ ಅಳು ಬಂತು, ಆದರೆ ಅಳಿಸಿ ಬೇರೆ ಬರೆಯುವುದಿಲ್ಲ.

ಹೇಮಲತಾ


ದಾದರ್,
17 ಆಗಸ್ಟ್ 1988

ಪೂಜ್ಯ ಆತ್ಯಾಬಾಯಿಯವರಿಗೆ,

ಕಾಗದ ಹಾಕಿ ತಿಂಗಳು ದಾಟಿತು. ಅಂಚೆಯವನು ಮೂರನೇ ಮಹಡಿಗೇ ನಿಂತು "ಇಲ್ಲಾ ಬಾಯಿ" ಎಂದು ಕೂಗಿ ಇಳಿದುಬಿಡುತ್ತಾನೆ. ಸಿಟ್ಟಾಗಿದ್ದರೆ ಬೈದಾದರೂ ಬರೆಯಿರಿ. ನಾನು ಚಾಳಿನ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ ಇಳಿದು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಎರಡನೇ ಮಹಡಿಯ ಮುದುಕಿ, "ಪಾಪ, ಅತ್ತಿ ಮನಿಯವ್ರು ಚಪ್ಪಲೀನೂ ಕೊಡಿಸಿಲ್ಲ" ಎಂದು ಊರಿಗೆಲ್ಲ ಸಾರಿದ್ದಾಳೆ.

ನಿಮ್ಮ,
ಹೇಮಲತಾ


ರಾಜೂರ್,
29 ಆಗಸ್ಟ್ 1988

ಚಿ. ಸೌ. ಹೇಮಲತೆಗೆ ಧೋಂಡಿಬಾ ಮಾಡುವ ಆಶೀರ್ವಾದಗಳು.

ಈ ಕಾರ್ಡನ್ನು ನಾನೊಬ್ಬನೇ ಬರೆಯುತ್ತಿದ್ದೇನೆ. ಇವಳಿಗೆ ಗೊತ್ತಿಲ್ಲ. ನಿನ್ನ ಜುಲೈ ಕಾಗದವನ್ನು ಓದಿ ಹೇಳಿದೆ. ಇವಳು ಎದ್ದು ಹೋಗಿ ಪಾತ್ರೆ ತಿಕ್ಕಿದಳು. ತಿಕ್ಕಿದ ಸದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿರಬೇಕು. ಮರುದಿನ ಕಾಗದವನ್ನು ಇನ್ನೊಮ್ಮೆ ಓದಲು ಹೇಳಿದಳು. ಆಮೇಲೆ ಮತ್ತೊಮ್ಮೆ.

ಈಗ ದಿನವೂ ಬೆಳಗ್ಗೆ ಮಳೆಯಲ್ಲೇ ಹಿಂದಿನ ಗುಡ್ಡ ಹತ್ತಿ ಬರುತ್ತಾಳೆ. ಎಲ್ಲಿಗೆ ಎಂದರೆ "ಸೊಪ್ಪು ತರಾಕ" ಎನ್ನುತ್ತಾಳೆ. ಕೈಯಲ್ಲಿ ಸೊಪ್ಪಿರುವುದಿಲ್ಲ. ನೀನು ಹೆದರಬೇಡ.

ಆ ಪಾತ್ರೆಗಳಲ್ಲಿ ಉಂಡವನು ನಾನೇ ಅಲ್ಲವೇ ಎಂದು ನನಗೂ ಅನ್ನಿಸಿತು. ಕಡಲೆಹಿಟ್ಟಿನ ಜುಣಕ ಮಾಡುವುದು ಹೇಗೆ ಎಂದು ನಿನಗೆ ಗೊತ್ತಿದ್ದರೆ ಬರೆ. ಇವಳನ್ನು ಕೇಳಲಾರೆ.

ಧೋಂಡಿಬಾ


ರಾಜೂರ್,
24 ಸೆಪ್ಟೆಂಬರ್ 1988

ಹೇಮಲತೆಗೆ,

ನವರಾತ್ರಿಯ ಮೂರನೇ ದಿನ ಹೊರಡೋಣ. ಹಿಂದಿನ ಸಂಜೆ ಬಾರಿಯಲ್ಲಿ ನನ್ನ ತವರಿಗೆ ಬಾ. ಅದು ನನ್ನ ಅಣ್ಣನ ಹೊಸ್ತಿಲು, ದಾಟಬಹುದು. ಕಿಸನನಿಗೆ ರಜೆ ಸಿಗದಿದ್ದರೆ ಒಳ್ಳೆಯದೇ ಆಯಿತು, ಇದು ಹೆಂಗಸರ ಕೆಲಸ.

ಉಗುರು ಕತ್ತರಿಸಿಕೋ. ಜಾರುವ ಸೀರೆ ಉಡಬೇಡ. ದಾರಿಯಲ್ಲಿ ಇನ್ನೆಷ್ಟು ದೂರ ಎಂದು ಯಾರನ್ನೂ ಕೇಳಬೇಡ, ಬೆಟ್ಟದಲ್ಲಿ ಯಾರೂ ನಿಜ ಹೇಳುವುದಿಲ್ಲ.

ನಿನ್ನ ಕರಾರಿಗೆ ಹೂಂ.

ಹೌಸಾಬಾಯಿ
(ಆ "ಹೂಂ" ಹೊರಬರಲು ಎರಡು ಬಟ್ಟಲು ಚಹಾ ಬೇಕಾಯಿತು. ಜುಣಕದ ಕಾಗದ ತಲುಪಿತು. ಮೊದಲ ಸಲ ಮಾಡಿದ್ದನ್ನು ನಾಯಿ ಮೂಸಿ ಹೋಯಿತು.)


ರಾಜೂರ್, ನಿಮ್ಮ ಮನೆ
14 ಅಕ್ಟೋಬರ್ 1988

ಪ್ರೀತಿಯ ಕಿಸನ್,

ಮೇಲೆ ಬರೆದ ಜಾಗ ನೋಡಿದಿರಾ? ಇನ್ನೊಮ್ಮೆ ನೋಡಿ. ನಿಮ್ಮ ಮನೆಯ ನಡುಮನೆಯಲ್ಲಿ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ. ಕಾಲು ಮಡಚಲು ಬರುತ್ತಿಲ್ಲ. ನಿಮ್ಮ ಆಯಿ ಎಳ್ಳೆಣ್ಣೆ ತಿಕ್ಕಿ, "ಬಾತ ಕಾಲು ಇಳಿತಾವ, ಬಾತ ಬಾಯಿ ಇಳಿಯೂದಿಲ್ಲ" ಎಂದು ನನಗೇ ಚುಚ್ಚಿ ಹೋಗಿದ್ದಾರೆ.

ನಿನ್ನೆ ನಸುಕಿನಲ್ಲೇ ಹೊರಟೆವು. ನಿಮ್ಮ ಆಯಿ ಸೀರೆಯ ಕಚ್ಚೆ ಬಿಗಿದು, ಮೂಗುತಿ ಹಾಕಿ, ತಲೆಯ ಮೇಲೆ ಪೂಜೆಯ ಬುಟ್ಟಿ ಇಟ್ಟುಕೊಂಡು ಬಂದರು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇಷ್ಟ ತೆಳ್ಳಗದೀ? ಗಾಳಿಗೆ ಹಾರಿ ಹೋದರ ನನ್ನ ಹರಕಿ ಏನಾಗಬೇಕು?" ಎಂದರು. ಹಿಂದಿನ ರಾತ್ರಿ ನಾನು ಬಾರಿ ಮುಟ್ಟುವಾಗ ಅವರು ಮಲಗಿಬಿಟ್ಟಿದ್ದರು, ನಮ್ಮ ಮೊದಲ ಮಾತುಕತೆ ಅದೇ.

ಗದ್ದೆ ಮುಗಿದ ಕೂಡಲೇ ಏರು. ಕಲ್ಲುಗಳು ರಾತ್ರಿಯ ಇಬ್ಬನಿಗೆ ತಣ್ಣಗಿದ್ದವು. ಎರಡೂ ಕಡೆ ಹಳದಿ ಸೋನಕಿ ಹೂವು ಮಂಡಿಯವರೆಗೆ ಅರಳಿತ್ತು. ಸ್ವಲ್ಪ ಹೊತ್ತು ಹಾಡು ಹೇಳುತ್ತ ನಡೆದೆ, ಆಮೇಲೆ ಹಾಡು ನಿಂತಿತು, ಆಮೇಲೆ ಉಸಿರೂ ನಿಲ್ಲುವಂತಾಯಿತು. ಕೇಳಬಾರದೆಂದಿದ್ದರೂ ತಡೆಯದೆ ಇಳಿದು ಬರುತ್ತಿದ್ದ ಹೆಂಗಸರನ್ನು ಕೇಳಿದೆ. "ಬಂದ ಬಿಡ್ತು ನಮ್ಮವ್ವಾ, ಅಗಾ ಆ ತಿರುವು" ಎಂದರು. ಆ ತಿರುವಿನಲ್ಲಿ ಇನ್ನೊಂದು ತಿರುವಿತ್ತು. ಅಲ್ಲಿ ಸಿಕ್ಕವರೂ ಅದನ್ನೇ ಹೇಳಿದರು. ಆಯಿ ತಿರುಗಿ ನೋಡಲಿಲ್ಲ, ಆದರೆ ಅವರ ಹೆಗಲು ಕುಲುಕುತ್ತಿತ್ತು, ನಗುತ್ತಿದ್ದರು.

ಥಾಳೆಮೇಳ ಬಂತು. ಆಯಿ ಬುಟ್ಟಿ ಇಳಿಸಿದರು, ತುದಿಯ ಕಡೆಗೆ ಕೈ ಮುಗಿದರು, ಬುಟ್ಟಿ ಎತ್ತಿ ತಲೆಗೆ ಇಟ್ಟರು, ಕೆಳಗೆ ಹೆಜ್ಜೆ ಹಾಕಿದರು. ನಾಲ್ಕು ಹೆಜ್ಜೆ ಹೋದ ಮೇಲೆ ತಾವೇ ನಿಂತರು.

"ಅಯ್ಯ, ಕಾಲು ತಾನ ತಿರುಗಿದ್ವಲ್ಲ!" ಎಂದರು. ಮುಖ ಸಣ್ಣದಾಯಿತು. "ಹೇಮಾ, ನಾ ಹೋಗ್ತೀನಿ. ನೀ ಹತ್ತಿ ಬಾ. ಅವರು ಒಲಿ ಹಚ್ಚಿ ಮನಿ ಸುಟ್ಟಾರು."

"ಸುಟ್ಟರೆ ಸುಡಲಿ. ಪಾತ್ರೆ ತೊಳೆಯುವ ಕೆಲಸವಾದರೂ ತಪ್ಪುತ್ತದೆ."

"ಉಪ್ಪು ಎಲ್ಲೈತಿ ಅಂತ ಅವರಿಗೆ ಗೊತ್ತಿಲ್ಲ."

"ಒಂದು ದಿನ ಸಪ್ಪೆ ಉಣ್ಣಲಿ ಆತ್ಯಾ!"

ಅವರು ಇಳಿದುಬಿಟ್ಟರೆ ನನ್ನ ಕರಾರಿನ ಪ್ರಕಾರ ನಾನೂ ಇಳಿಯಬೇಕು, ಬಾರಿಯಿಂದಲೇ ಬಸ್ಸು ಹತ್ತಬೇಕು. ಬಾಯಿ ಬಡಿದುಕೊಂಡು ನಾನೇ ಹಾಕಿಕೊಂಡ ಗಂಟು. ಆಯಿ ಒಂದು ಸಲ ಕೆಳಗೆ ನೋಡಿದರು, ಒಂದು ಸಲ ನನ್ನ ಕಾಲು ನೋಡಿದರು. ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ಸೆರಗಿನ ಅಂಚು ಹರಿದು ಕಟ್ಟಿದರು. "ನಡಿ" ಎಂದರು. ಹೊಸ ಸೀರೆ ಕಿಸನ್, ನವರಾತ್ರಿಯ ಸೀರೆ.

ಅಲ್ಲಿಂದ ಮುಂದೆ ಅವರಿಗೂ ಹೊಸ ದಾರಿ. ಮಗುವಿನ ಹಾಗೆ ಎಲ್ಲದಕ್ಕೂ ನಿಲ್ಲುತ್ತಿದ್ದರು. "ಇಲ್ಲಿ ಬಾವಿ ಐತೇನ! ಇಷ್ಟ ಮ್ಯಾಲ ನೀರು!" ಬೊಗಸೆಯಲ್ಲಿ ಕುಡಿದು ನನಗೂ ಕುಡಿಸಿದರು.

ತುದಿಗೆ ಮೊದಲು ನೆಟ್ಟಗೆ ನಿಂತ ಬಂಡೆ ಇದೆ, ಹಿಡಿಯಲು ಸರಪಳಿ. ಈ ಸಲ ನಿಂತವಳು ನಾನು. ನಡುವೆ ಹೋಗಿ ಕೆಳಗೆ ನೋಡಿಬಿಟ್ಟೆ. ಹತ್ತಲೂ ಆಗದು, ಇಳಿಯಲೂ ಆಗದು. ಸರಪಳಿಗೆ ಅಂಟಿಕೊಂಡು ಗಟ್ಟಿಯಾಗಿ ಅತ್ತೆ. ಹಿಂದೆ ಸಾಲು ನಿಂತಿತು. ಆಯಿ ನನ್ನ ಕೆಳಗೇ ಇದ್ದರು, ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದರು.

"ಹೇಮಾ, ಒಡಪು ಹಾಕಿ ಗಂಡನ ಹೆಸರು ಹೇಳು."

"ಈಗಲೇ?"

"ಮದಿವ್ಯಾಗ ಹೇಳಿಸಲಿಲ್ಲ ನಾ. ಈಗ ಹೇಳು. ಹೇಳದ ಬಿಡೂದಿಲ್ಲ."

ಹಿಂದಿನ ಹೆಂಗಸರೆಲ್ಲ "ಹೇಳವ್ವಾ ಹೇಳು" ಎಂದು ಕೂಗತೊಡಗಿದರು. ಮೂಗು ಸೋರುತ್ತಿತ್ತು, ಒರೆಸಲು ಕೈ ಬಿಡುವಂತಿರಲಿಲ್ಲ. ಹಾಗೇ ಹೇಳಿದೆ:

"ನಾಕು ಮಹಡಿ ಮೆಟ್ಟಿಲು ಹತ್ತಿ ಕಾಲು ನೋವಂತಿದ್ದೆ,
ಕಿಸನರಾಯರ ಹೆಸರು ಹೇಳಿ ಕಳಸೂಬೆಟ್ಟ ಗೆದ್ದೆ!"

"ಇನ್ನೂ ಗೆದ್ದಿಲ್ಲ, ಹತ್ತು!" ಎಂದು ಆಯಿ ಹಿಮ್ಮಡಿಯನ್ನು ಮೇಲೆ ತಳ್ಳಿದರು. ಪ್ರಾಸ ಹುಡುಕುವ ಗಡಿಬಿಡಿಯಲ್ಲಿ ಹೆದರಿಕೆ ಮರೆತೇ ಹೋಗಿತ್ತು. ಹತ್ತಿಬಿಟ್ಟೆ.

ತುದಿ ಎಂದರೆ ನಿಜವಾದ ತುದಿ. ಗುಡಿ, ಗಾಳಿ, ಆಕಾಶ, ಮತ್ತೇನಿಲ್ಲ. ಕೆಳಗೆ ಭಂಡಾರದರಾ ಅಣೆಕಟ್ಟಿನ ನೀರು ಹೊಳೆಯುತ್ತಿತ್ತು, ಸುತ್ತ ಬೆಟ್ಟಗಳ ಮೇಲೆ ಬೆಟ್ಟ. ಇಡೀ ಮಹಾರಾಷ್ಟ್ರದಲ್ಲಿ ನಮಗಿಂತ ಎತ್ತರದಲ್ಲಿ ಯಾರೂ ಇರಲಿಲ್ಲ, ಒಬ್ಬ ಮುಖ್ಯಮಂತ್ರಿಯೂ ಇರಲಿಲ್ಲ. ಆಯಿ ಸುತ್ತಲೂ ಒಮ್ಮೆ ತಿರುಗಿ ನೋಡಿದರು. ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದರು, ನಾನು ಹೂಂ ಎಂದೆ.

ಆಮೇಲೆ ರಾಜೂರ್ ಎಲ್ಲಿ ಎಂದು ಹುಡುಕಿದರು. ಪಕ್ಕದವಳು ಬೆರಳು ಮಾಡಿ ತೋರಿಸಿದಳು. ಬಹಳ ಹೊತ್ತು ನೋಡಿ ಆಯಿ ಹೇಳಿದರು:

"ಇಷ್ಟ ಸಣ್ಣದಾ! ಇಷ್ಟ ಸಣ್ಣ ಊರಾಗ ಅಷ್ಟು ಪಾತ್ರಿ ಎಲ್ಲಿಂದ ಬಂದ್ವು?"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಹೆಂಗಸರು ಬಿಡಲಿಲ್ಲ, ನೀವೂ ಒಡಪು ಹಾಕಿ ಎಂದು ಗಂಟುಬಿದ್ದರು. ನಿಮ್ಮ ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಊರಿಗೆಲ್ಲ ಕೇಳಲಿ ಎಂಬಂತೆ ಕೂಗಿ ಹೇಳಿದರು:

"ಮ್ಯಾಲ ಗಾಳಿ, ಕೆಳಗ ನೀರು, ನಡುವ ನಾನು ಕುಂತೆ,
ಧೋಂಡಿಬಾರಾಯರಿಗೆ ಬಿಟ್ಟು ಬಂದೆ ಒಲಿ ಪಾತ್ರಿ ಚಿಂತೆ!"

ನಾನು ದೇವಿಯ ಉಡಿ ತುಂಬಿದೆ. ಖಣ, ತೆಂಗಿನಕಾಯಿ, ಅಕ್ಕಿ, ಹಸಿರು ಬಳೆ. ನಿಮ್ಮ ಮ್ಯಾಟ್ರಿಕ್ ಈಗ ಪೂರ್ತಿಯಾಯಿತು. ಹೊರಡೋಣ ಎಂದು ಏಳುವಾಗ ಆಯಿ ಬುಟ್ಟಿಯ ತಳದಿಂದ ಇನ್ನೊಂದು ಖಣ ತೆಗೆದರು. ನೆಲ ತೋರಿಸಿ "ಕುಂದ್ರು" ಎಂದರು. ಅಲ್ಲೇ ಗುಡಿಯ ಮುಂದೆ, ಗಾಳಿಯಲ್ಲಿ ಅಕ್ಕಿ ಹಾರದಂತೆ ಕೈ ಅಡ್ಡ ಹಿಡಿದು ನನ್ನ ಉಡಿ ತುಂಬಿದರು. "ನನ್ನ ಮನಿ ಹೊಸ್ತಿಲ ಇದಕ್ಕಿಂತ ಎತ್ತರ ಇಲ್ಲ ಮಗಳ" ಎಂದರು. ಕಿಸನ್, ಆ ಮಾತಿಗೆ ನಾನು ಸರಪಳಿ ಹಿಡಿದಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

ಮನೆಗೆ ಬಂದರೆ ಹೊಸ್ತಿಲ ಮೇಲೆ ಸೇರು ಇರಲಿಲ್ಲ. ಆಯಿ ಅದಕ್ಕೆಂದೇ ತೆಗೆದಿಟ್ಟಿದ್ದ ಅಕ್ಕಿಯನ್ನು ಮಾಮಂಜಿ ಅನ್ನ ಮಾಡಿಬಿಟ್ಟಿದ್ದರು. ಮನೆಯಲ್ಲಿ ಬೇರೆ ಅಕ್ಕಿ ಇಲ್ಲ. ಸೇರಿಗೆ ರಾಗಿ ಸುರಿದು ಇಟ್ಟರು. ಒದ್ದು ಒಳಗೆ ಬಂದೆ. ರಾಗಿ ಸಣ್ಣ ಕಾಳಲ್ಲವೇ, ಒಲೆಯವರೆಗೂ ಉರುಳಿ ಹೋಯಿತು. ಈಗಲೂ ಕೂತಲ್ಲಿ ನಿಂತಲ್ಲಿ ಕಾಲಿಗೆ ಸಿಗುತ್ತಿದೆ. ಕಸ ಹೊಡೆಯುವವರು ಯಾರು ಎಂಬ ಚರ್ಚೆ ನಡೆದಿದೆ.

ನಿಮ್ಮ,
ಹೇಮಾ


ರಾಜೂರ್,
16 ಅಕ್ಟೋಬರ್ 1988

ಚಿ. ಕಿಸನನಿಗೆ,

ನಾವೆಲ್ಲ ಕ್ಷೇಮ. ನಾನು ಮಾತ್ರ ಅಷ್ಟಕ್ಕಷ್ಟೆ.

ಒಂದು ದಿನದ ಕರಾರು ಎಂದು ನಾನು ತಿಳಿದಿದ್ದೆ. ಮರುದಿನವೂ ಇಬ್ಬರೂ ಪಾತ್ರೆ ಮುಟ್ಟಲಿಲ್ಲ. ಕೇಳಿದರೆ ನಿನ್ನ ತಾಯಿ, "ಕಳಸೂ ಒಂದ ದಿನಕ್ಕಂತ ಹೋಗಿದ್ಲೇನು?" ಎಂದಳು. ನಿನ್ನ ಹೆಂಡತಿ ಅವಳ ಪಕ್ಕದಲ್ಲೇ ಕೂತು ಕಡಲೆ ತಿನ್ನುತ್ತಿದ್ದಳು. ರಾಗಿಯನ್ನು ನಾನೇ ಗುಡಿಸಿದೆ. ಇಬ್ಬರೂ ನಾನು ಬಿಟ್ಟ ಮೂಲೆಗಳನ್ನು ತೋರಿಸುತ್ತ ನಗುತ್ತಿದ್ದರು. ಈ ಮನೆಯಲ್ಲಿ ಇಂಥ ನಗು ನಾನು ಕೇಳಿರಲಿಲ್ಲ. ಆ ಖುಷಿಗೆ ಇನ್ನೂ ಒಂದು ಮೂಲೆ ಬೇಕೆಂದೇ ಬಿಟ್ಟೆ.

ಆದರೆ ನನಗೂ ವಯಸ್ಸಾಯಿತು. ದಸರೆಗೆ ನೀನು ಬರಲೇಬೇಕು. ಬರುವಾಗ ದಾದರಿನಿಂದ ಪಾತ್ರೆ ತಿಕ್ಕುವ ಪುಡಿ ತಾ, ಬೂದಿಗೆ ನನ್ನ ಬೆರಳು ಒಡೆದಿವೆ. ಹೋಳಿಗೆ ಪಾತ್ರೆಗಳೆಂದರೆ ಏನೆಂದು ನಿನಗೆ ಗೊತ್ತಿಲ್ಲ, ಗೊತ್ತಾಗುತ್ತದೆ.

ಸೊಸೆಗೆ ಒಂದು ಆಶೀರ್ವಾದ ಬರೆಯಲೇ ಎಂದು ನಿನ್ನ ತಾಯಿಯನ್ನು ಕೇಳಿದೆ. "ಅಕಿ ಇಲ್ಲೇ ಅದಾಳಲ್ಲ, ನಾನ ಬಾಯಿಲೆ ಹೇಳ್ತೀನಿ" ಅಂದಳು.

ಮಗನಿಗೆ ಬರೆಯಲೇ ಎಂದೆ. "ಈಗ ಬ್ಯಾಡ" ಅಂದಳು. "ಪಾತ್ರಿ ತೊಳದ ಮ್ಯಾಲ."

ನಿನ್ನ ಅಪ್ಪ,
ಧೋಂಡಿಬಾ